ಮನೆತನದ ಚಿತ್ರಗಳಿಗೆ ಇನ್ನೊಂದು ಪ್ರತಿ

ಕೆಲವು ದಿನಗಳ ಹಿಂದೆ ನಮ್ಮ ಬಂಧುಗಳೊಬ್ಬರ ಮನೆಯಲ್ಲಿ ಹಿರಿಯ ತಾಯಿಯವರು ಲಿಂಗೈಕ್ಯರಾದರು. ಶಿವಗಣಾರಾಧನೆಯ ಆಮಂತ್ರಣ ಪತ್ರಿಕೆಗೆ ಅವರದೊಂದು ಭಾವಚಿತ್ರ ಬೇಕಾಯಿತು. ಮನೆಯಲ್ಲಿ ಐದು ಮೊಬೈಲುಗಳು. ಒಂದೊಂದರಲ್ಲಿಯೂ ಸಾವಿರಾರು ಚಿತ್ರಗಳು. ಮಕ್ಕಳು, ಮೊಮ್ಮಕ್ಕಳು, ಸೊಸೆಯಂದಿರು ಸೇರಿ ಅರ್ಧ ದಿನ ಹುಡುಕಿದರು. ಸಿಕ್ಕ ಚಿತ್ರಗಳಲ್ಲಿ ಕೆಲವು ವಾಟ್ಸಾಪ್‌ನಲ್ಲಿ ಕೈಯಿಂದ ಕೈಗೆ ದಾಟಿ ಮಸುಕಾಗಿದ್ದವು. ಇನ್ನು ಕೆಲವುಗಳಲ್ಲಿ ಆ ತಾಯಿ ಯಾರದೋ ಬೆನ್ನ ಹಿಂದೆ ಅರೆಮರೆಯಾಗಿ ನಿಂತಿದ್ದರು. ಒಳ್ಳೆಯ ಚಿತ್ರಗಳೆಲ್ಲ ಹಿಂದಿನ ಮೊಬೈಲಿನಲ್ಲಿದ್ದವಂತೆ. ಅದು ನೀರಿಗೆ ಬಿದ್ದು ಕೆಟ್ಟು ಎರಡು ವರ್ಷಗಳಾಗಿದ್ದವು. ಕೊನೆಗೆ ಆಧಾರ್ ಕಾರ್ಡಿನ ಚಿತ್ರವನ್ನೇ ದೊಡ್ಡದು ಮಾಡಿಸಿ ಹಾರ ಹಾಕಿದರು. ಎಂಬತ್ತು ವರ್ಷ ಬಾಳಿ, ನೂರಾರು ಜನರಿಗೆ ಉಣಬಡಿಸಿದ ಆ ತಾಯಿಯ ಮುಖ ಅದರಲ್ಲಿ ಗುರುತು ಸಿಗುವಂತಿರಲಿಲ್ಲ.

ಅವರ ಅಜಾಗರೂಕತೆಯನ್ನು ಎತ್ತಿ ಆಡುವ ಯೋಗ್ಯತೆ ನಮಗಿಲ್ಲ. ಏಕೆಂದರೆ ನಮ್ಮ ಮನೆಯಲ್ಲಿಯೇ ಇದಕ್ಕಿಂತ ದೊಡ್ಡ ಪ್ರಮಾದವೊಂದು ನಡೆದುಹೋಗಿದೆ.

1991ರಲ್ಲಿ ನಮ್ಮ ಅಣ್ಣನವರ ಮದುವೆಯಾಯಿತು. ಆಗ ಊರಲ್ಲಿ ಮದುವೆಗೆ ವಿಡಿಯೋ ಮಾಡಿಸುವುದು ಹೊಸ ಸಂಭ್ರಮ. ಮೂರು ಗಂಟೆಗಳ ಒಂದು ವಿಎಚ್‌ಎಸ್ ಕ್ಯಾಸೆಟ್ ತಯಾರಾಯಿತು. ಊಟದ ಪಂಕ್ತಿಯ ಭಾಗದಲ್ಲಿ ನಮ್ಮ ತೀರ್ಥರೂಪರು ಹೆಗಲ ಮೇಲೆ ವಲ್ಲಿ ಹಾಕಿಕೊಂಡು, ಕೈ ಜೋಡಿಸಿ, ಸಾಲಿನುದ್ದಕ್ಕೂ ನಡೆಯುತ್ತ, “ಸಾವಕಾಶ ಊಟ ಮಾಡ್ರಿ, ಯಾರೂ ಅವಸರ ಮಾಡಬ್ಯಾಡ್ರಿ” ಎಂದು ಕೇಳಿಕೊಳ್ಳುವ ದೃಶ್ಯವಿತ್ತು. ಹೆಚ್ಚೆಂದರೆ ನಲವತ್ತು ಸೆಕೆಂಡು. 1996ರಲ್ಲಿ ಅವರು ಲಿಂಗೈಕ್ಯರಾದರು. ಅವರ ಧ್ವನಿ ಈ ಲೋಕದಲ್ಲಿ ಉಳಿದದ್ದು ಆ ನಲವತ್ತು ಸೆಕೆಂಡುಗಳಲ್ಲಿ ಮಾತ್ರ.

2009ರಲ್ಲಿ ನಾವು ಆ ಕ್ಯಾಸೆಟ್ಟನ್ನು ಪೇಟೆಯ ಅಂಗಡಿಯೊಂದಕ್ಕೆ ಕೊಟ್ಟು ಡಿವಿಡಿ ಮಾಡಿಸಿದೆವು. ಗಣಕಯಂತ್ರದ ಹಾರ್ಡ್ ಡಿಸ್ಕಿಗೂ ಹಾಕಿಸಿದೆವು. ಇನ್ನು ಕ್ಯಾಸೆಟ್ಟಿನ ಗೊಡವೆ ಏಕೆಂದು, ಮನೆ ಬದಲಾಯಿಸುವಾಗ ಅದನ್ನು ಹಳೆಯ ಸಾಮಾನಿನೊಡನೆ ಹಾಕಿಬಿಟ್ಟೆವು. 2018ರಲ್ಲಿ ಹಾರ್ಡ್ ಡಿಸ್ಕ್ ಒಮ್ಮೆಲೆ ಟಕಟಕ ಸದ್ದು ಮಾಡಿ ನಿಂತುಹೋಯಿತು. ಡಿವಿಡಿ ಇದೆಯಲ್ಲ ಎಂಬ ಧೈರ್ಯದಿಂದ ತೆಗೆದು ಹಾಕಿದರೆ ಅದೂ ಓದಲಿಲ್ಲ. ಡಿಸ್ಕ್ ದುರಸ್ತಿಯವರು ದೊಡ್ಡ ಮೊತ್ತ ಹೇಳಿದರು. ಆದರೂ ಸಿಕ್ಕೀತೆಂಬ ಭರವಸೆ ಕೊಡಲಿಲ್ಲ. ಅಂದು ರಾತ್ರಿ ನಮಗೆ ಊಟ ರುಚಿಸಲಿಲ್ಲ. ತಂದೆಯವರನ್ನು ಎರಡನೆಯ ಸಲ ಕಳೆದುಕೊಂಡಂತಾಗಿತ್ತು. ಈ ಸಲವಂತೂ ತಪ್ಪು ನಮ್ಮದೇ ಆಗಿತ್ತು.

ಸೊಲ್ಲಾಪುರದಲ್ಲಿರುವ ನಮ್ಮ ಹಿರಿಯ ಅಕ್ಕನವರಿಗೆ ದೂರವಾಣಿಯಲ್ಲಿ ಈ ಸಂಕಟ ತೋಡಿಕೊಂಡೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ತಮ್ಮಾ, ನನ್ನ ಹಂತೇಕ ಒಂದು ಕ್ಯಾಸೆಟ್ ಐತಿ ನೋಡು. ಹಿಂದಕ ನೀನ ಕೊಟ್ಟಿದ್ದಿ” ಎಂದರು. ನಮಗೆ ನೆನಪೇ ಇರಲಿಲ್ಲ. 1993ರಲ್ಲಿ ಅವರ ಒತ್ತಾಯಕ್ಕೆ ಎರಡು ವಿಸಿಆರ್‌ಗಳನ್ನು ವೈರಿನಿಂದ ಜೋಡಿಸಿ ಒಂದು ನಕಲು ಮಾಡಿಸಿಕೊಟ್ಟಿದ್ದೆವಂತೆ. ಆ ಕ್ಯಾಸೆಟ್ ಇಪ್ಪತ್ತೈದು ವರ್ಷ ಅವರ ಟ್ರಂಕಿನಲ್ಲಿ ಸೀರೆಗಳ ಕೆಳಗೆ ಮಲಗಿತ್ತು.

ಅಲ್ಲಿಗೂ ಕಷ್ಟ ಮುಗಿಯಲಿಲ್ಲ. ಸುರುಳಿಯ ಅಂಚಿಗೆ ಬಿಳಿಯ ಬೂಷ್ಟು ಹಿಡಿದಿತ್ತು. ಬೂಷ್ಟು ಹಿಡಿದ ಕ್ಯಾಸೆಟ್ಟನ್ನು ಹಾಗೆಯೇ ವಿಸಿಆರ್‌ಗೆ ಹಾಕಿದರೆ ಸುರುಳಿಯೂ ಹರಿಯಬಹುದು, ಯಂತ್ರದ ಹೆಡ್ಡೂ ಕೆಡಬಹುದು. ವಿಸಿಆರ್ ಸಿಗುವುದೇ ದುರ್ಲಭ. ಅದನ್ನು ತಯಾರಿಸುತ್ತಿದ್ದ ಕೊನೆಯ ಕಂಪನಿ, ಜಪಾನಿನ ಫುನಾಯ್, 2016ರ ಜುಲೈನಲ್ಲಿಯೇ ಆ ಕೆಲಸವನ್ನು ನಿಲ್ಲಿಸಿತು. ಹಳೆಯ ಸ್ಟುಡಿಯೋದವರೊಬ್ಬರು ಕ್ಯಾಸೆಟ್ಟಿನ ಹೊರಕವಚ ಬಿಚ್ಚಿ, ಸುರುಳಿಯನ್ನು ನಿಧಾನವಾಗಿ ಒರೆಸಿ, ಮತ್ತೊಂದು ಕವಚದಲ್ಲಿ ಕೂಡಿಸಿ ನಡೆಸಿದರು. ಬಣ್ಣ ಹರಡಿತ್ತು, ಚಿತ್ರದ ಕೆಳಗೆ ಗೆರೆಗಳು ಕುಣಿಯುತ್ತಿದ್ದವು. ಆದರೆ ಪಂಕ್ತಿಯ ಸಾಲು ಬಂತು, ವಲ್ಲಿ ಬಂತು, ಧ್ವನಿ ಬಂತು.

ಓಲೆಗರಿಯ ಕಟ್ಟುಗಳು

ಈ ಘಟನೆಯ ನಂತರ ನಮಗೆ ನಮ್ಮ ಸಮಾಜದ ಇತಿಹಾಸವೇ ಬೇರೆ ರೀತಿಯಲ್ಲಿ ಕಾಣತೊಡಗಿತು. ಹನ್ನೆರಡನೆಯ ಶತಮಾನದ ಕಲ್ಯಾಣದ ಕ್ಷೋಭೆಯ ನಂತರ ಶರಣರು ದಿಕ್ಕು ದಿಕ್ಕಿಗೆ ಚದುರಿದರು. ವಚನಗಳು ಒಂದೇ ಭಂಡಾರದಲ್ಲಿ, ಒಂದೇ ಪ್ರತಿಯಾಗಿ ಉಳಿದಿದ್ದರೆ ಏನಾಗುತ್ತಿತ್ತೋ ಊಹಿಸಬಹುದು. ಹದಿನೈದನೆಯ ಶತಮಾನದಲ್ಲಿ ವಿಜಯನಗರದ ಪ್ರೌಢದೇವರಾಯನ ಕಾಲದ ವಿರಕ್ತರು ಅವನ್ನು ಹುಡುಕಿ, ಸಂಕಲಿಸಿ, ಪ್ರತಿ ಮಾಡಿದರು. ಮುಂದೆ ಮಠ ಮಠಗಳಲ್ಲಿ, ಮನೆ ಮನೆಗಳಲ್ಲಿ ಪ್ರತಿಯಿಂದ ಪ್ರತಿ ಹುಟ್ಟಿತು. ಹುಳು ತಿಂದ ಗರಿಯ ಮಾತು ಇನ್ನೊಂದು ಊರಿನ ಕಟ್ಟಿನಲ್ಲಿ ಸಿಗುತ್ತಿತ್ತು.

ವಿಜಯಪುರದಲ್ಲಿ ವಕೀಲಿ ಮಾಡುತ್ತಿದ್ದ ಫ.ಗು. ಹಳಕಟ್ಟಿಯವರು ಊರೂರು ತಿರುಗಿ ಈ ಕಟ್ಟುಗಳನ್ನು ಕೂಡಿಹಾಕಿ, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಅಚ್ಚು ಹಾಕಿಸಿದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಎಷ್ಟೋ ಮನೆಗಳಲ್ಲಿ ಕಟ್ಟುಗಳು ಜಗಲಿಯ ಮೇಲೆ ವಿಭೂತಿ ಹಚ್ಚಿಸಿಕೊಂಡು ಪೂಜೆಗೊಳ್ಳುತ್ತಿದ್ದವು. ದಾರ ಬಿಚ್ಚಿ ಓದುವವರಿರಲಿಲ್ಲ. ಹಾರ್ಡ್ ಡಿಸ್ಕನ್ನು ಬೀರುವಿನಲ್ಲಿಟ್ಟು ಹತ್ತು ವರ್ಷ ತೆರೆಯದಿರುವ ನಮ್ಮ ಅಭ್ಯಾಸಕ್ಕೂ ಇದಕ್ಕೂ ಹೆಚ್ಚಿನ ಅಂತರವಿಲ್ಲ. ಅಂತರವೊಂದಿದ್ದರೆ ಅದು ನಮಗೆ ಪ್ರತಿಕೂಲವಾದದ್ದೇ: ಹುಲ್ಲೆಣ್ಣೆ ಸವರಿ ಜೋಪಾನ ಮಾಡಿದ ಓಲೆಗರಿ ಶತಮಾನಗಳನ್ನು ದಾಟಬಲ್ಲದು, ಹಾರ್ಡ್ ಡಿಸ್ಕಿನಿಂದ ಐದಾರು ವರ್ಷಗಳಿಗಿಂತ ಹೆಚ್ಚಿನದನ್ನು ನೆಚ್ಚುವಂತಿಲ್ಲ.

ಅಟ್ಟದ ಮೇಲಿನ ಪೆಟ್ಟಿಗೆ

ಮೊದಲು ಕಾಗದದ ಚಿತ್ರಗಳ ಮಾತು. ಅಜ್ಜಂದಿರ ಕಾಲದ ಕಪ್ಪು ಬಿಳುಪಿನ ಚಿತ್ರಗಳು ಬೆಳ್ಳಿಯ ಲವಣದಿಂದ ಮೂಡಿದವು. ತೇವ ಮತ್ತು ಹುಳುವಿನಿಂದ ದೂರವಿದ್ದರೆ ಬಹುಕಾಲ ಬಾಳುತ್ತವೆ. ನಮ್ಮ ಕಾಲದ, ಅಂದರೆ 1970 ಮತ್ತು 80ರ ದಶಕಗಳ ಬಣ್ಣದ ಚಿತ್ರಗಳೇ ಮೊದಲು ಕೆಡುವವು. ಅವುಗಳ ಬಣ್ಣ ತಾನಾಗಿಯೇ ಕಳೆದು ಚಿತ್ರವೆಲ್ಲ ಕೆಂಪಗೋ ಹಳದಿಯಾಗಿಯೋ ತಿರುಗುತ್ತದೆ. ಆದ್ದರಿಂದ ಎಲ್ಲಕ್ಕೂ ಹಳೆಯದರಿಂದ ಆರಂಭಿಸಬೇಕೆಂಬ ನಿಯಮವೇನಿಲ್ಲ. ಅಜ್ಜನ ಚಿತ್ರ ಕಾಯಬಹುದು, ಅಕ್ಕನ ನಾಮಕರಣದ ಬಣ್ಣದ ಚಿತ್ರ ಕಾಯಲಾರದು.

ಪುಟಕ್ಕೆ ಅಂಟು ಸವರಿ, ಮೇಲೆ ಪಾರದರ್ಶಕ ಹಾಳೆ ಮುಚ್ಚುವ ಆಲ್ಬಮ್ಮುಗಳು ಆಗ ಬಹಳ ಬಂದಿದ್ದವು. ನೋಡಲು ಅಂದ, ಚಿತ್ರಕ್ಕೆ ಮಾತ್ರ ಶತ್ರು. ಆ ಅಂಟು ವರ್ಷಗಳು ಕಳೆದಂತೆ ಚಿತ್ರದ ಬೆನ್ನನ್ನು ತಿನ್ನುತ್ತದೆ. ಉಗುರಿನಿಂದ ಕೀಳಲು ಹೋಗಿ ನಾವೇ ಎರಡು ಚಿತ್ರಗಳನ್ನು ಹರಿದಿದ್ದೇವೆ. ಮೊದಲು ಇಡೀ ಪುಟದ ಚಿತ್ರ ತೆಗೆದುಕೊಂಡು, ಬಳಿಕ ತೆಳುವಾದ ಗಟ್ಟಿ ದಾರವನ್ನು ಚಿತ್ರದ ಕೆಳಗೆ ತೂರಿಸಿ, ಗರಗಸದಂತೆ ಮೆಲ್ಲಗೆ ಆಡಿಸಿ ಬಿಡಿಸಬೇಕು. ಬಾರದಿದ್ದರೆ ಬಿಟ್ಟುಬಿಡಬೇಕು. ಚೌಕಟ್ಟಿನ ಗಾಜಿಗೆ ಅಂಟಿಕೊಂಡ ಚಿತ್ರಕ್ಕೂ ಇದೇ ಮಾತು: ಎಳೆಯದೆ, ಗಾಜಿನ ಮೇಲಿನಿಂದಲೇ ಪ್ರತಿ ಮಾಡಿಕೊಳ್ಳುವುದು ಲೇಸು. ದೇವರ ಕೋಣೆಯ ಗೋಡೆಯ ಮೇಲೆ ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿಯವರ ಪಾದಪೂಜೆಯ ಚಿತ್ರವನ್ನು ತೂಗುಹಾಕಿದ ಮನೆಗಳು ನಮ್ಮಲ್ಲಿ ಅನೇಕ. ಶ್ರೀಗಳು 2019ರ ಜನವರಿ 21ರಂದು ಲಿಂಗೈಕ್ಯರಾದರು. ಅಂಥ ಚಿತ್ರ ಇನ್ನೊಮ್ಮೆ ದೊರೆಯದು. ಊದುಬತ್ತಿಯ ಹೊಗೆ, ದೀಪದ ಎಣ್ಣೆಯ ಜಿಡ್ಡು ಅದರ ಮೇಲೆ ದಿನವೂ ಕೂರುತ್ತಿದೆ. ಗೋಡೆಗೆ ಪ್ರತಿಯನ್ನು ಹಾಕಿ ಮೂಲವನ್ನು ಒಳಗಿಟ್ಟರೆ ಭಕ್ತಿಗೇನೂ ಕೊರತೆಯಾಗದು.

ಪ್ರತಿ ಮಾಡುವುದಕ್ಕೆ ಸ್ಕ್ಯಾನರ್ ಇದ್ದರೆ ಉತ್ತಮ. ಸಾಧಾರಣ ನಾಲ್ಕು ಇಂಚು ಆರು ಇಂಚಿನ ಚಿತ್ರಕ್ಕೆ ಇಂಚಿಗೆ 600 ಚುಕ್ಕೆಗಳ ಅಳತೆ ಇಟ್ಟರೆ, ಮುಂದೆ ಅದನ್ನು ದೊಡ್ಡದು ಮಾಡಿಸಲೂ ಸಾಕಾಗುತ್ತದೆ. ಸ್ಕ್ಯಾನರ್ ಇಲ್ಲದವರು ಕಿಟಕಿಯ ಬಳಿ, ನೇರ ಬಿಸಿಲು ಬೀಳದ ಹಗಲು ಬೆಳಕಿನಲ್ಲಿ, ಫ್ಲಾಶ್ ಹಾಕದೆ, ಮೊಬೈಲನ್ನು ಚಿತ್ರಕ್ಕೆ ಸಮನಾಗಿ ಹಿಡಿದು ತೆಗೆಯಬಹುದು. ಪೂರ್ಣತೆಗಾಗಿ ಕಾಯುತ್ತ ಏನನ್ನೂ ಮಾಡದಿರುವುದಕ್ಕಿಂತ ಅದು ಸಾವಿರ ಪಾಲು ಮೇಲು. ನೆಗೆಟಿವ್ ಪಟ್ಟಿಗಳು ಸಿಕ್ಕರೆ ಎಸೆಯಬಾರದು. ಕಾಗದದ ಚಿತ್ರಕ್ಕಿಂತ ಹೆಚ್ಚಿನ ವಿವರ ಅವುಗಳಲ್ಲಿರುತ್ತದೆ.

ಕ್ಯಾಸೆಟ್ಟುಗಳ ವಿಷಯದಲ್ಲಿ ಮಾತ್ರ ವಿಳಂಬ ಸಲ್ಲದು. ಸುರುಳಿಯ ಮೇಲಿನ ಕಾಂತೀಯ ಲೇಪ ವರ್ಷ ವರ್ಷಕ್ಕೂ ಸೊರಗುತ್ತದೆ. ನಡೆಸುವ ಯಂತ್ರಗಳೂ, ಅವನ್ನು ಬಲ್ಲ ಕುಶಲಿಗಳೂ ಕಡಿಮೆಯಾಗುತ್ತಿದ್ದಾರೆ. ಮೂರು ಗಂಟೆಯ ಕ್ಯಾಸೆಟ್ಟನ್ನು ಪ್ರತಿ ಮಾಡಲು ಮೂರು ಗಂಟೆಯೇ ಬೇಕು, ಬೇರೆ ಒಳದಾರಿ ಇಲ್ಲ. ಅಮೆರಿಕೆಯ ಬಂಧುಗಳು ಕಳುಹಿಸಿದ ಕ್ಯಾಸೆಟ್ಟುಗಳಿದ್ದರೆ ಅವು ಎನ್‌ಟಿಎಸ್‌ಸಿ ಪದ್ಧತಿಯವು. ನಮ್ಮಲ್ಲಿಯ ಪಾಲ್ ಪದ್ಧತಿಯ ಯಂತ್ರಗಳೆಲ್ಲ ಅವನ್ನು ನಡೆಸಲಾರವು. ಕೆಟ್ಟಿದೆಯೆಂದು ಎಸೆಯುವ ಮುನ್ನ ಇದನ್ನು ವಿಚಾರಿಸಬೇಕು. ಕ್ಯಾಸೆಟ್ಟಿನ ಬೆನ್ನಂಚಿನಲ್ಲಿ ಸಣ್ಣದೊಂದು ಪ್ಲಾಸ್ಟಿಕ್ ನಾಲಗೆ ಇರುತ್ತದೆ. ಅದನ್ನು ಮುರಿದರೆ ಅದರ ಮೇಲೆ ಬೇರೇನೂ ಮುದ್ರಣವಾಗದು. ಈ ಸಣ್ಣ ಸಂಗತಿ ತಿಳಿಯದೆ ಎಷ್ಟು ಮದುವೆಗಳ ಮೇಲೆ ಕ್ರಿಕೆಟ್ ಪಂದ್ಯಗಳು ಮುದ್ರಣವಾಗಿವೆಯೋ ಶಿವನೇ ಬಲ್ಲ. ಮತ್ತು ನಮ್ಮ ತಪ್ಪನ್ನು ಯಾರೂ ಮಾಡಬಾರದು: ಪ್ರತಿಯಾದ ಮೇಲೂ ಮೂಲ ಕ್ಯಾಸೆಟ್ಟನ್ನು ಇಟ್ಟುಕೊಳ್ಳಬೇಕು, ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿ, ಒಣಗಿದ ಜಾಗದಲ್ಲಿ.

ಮೊಬೈಲು ಮತ್ತು ದೂರದ ಭಂಡಾರ

ಇಂದಿನ ಚಿತ್ರಗಳ ಸಮಸ್ಯೆ ಬೇರೆ. ಅವು ಸವೆಯುವುದಿಲ್ಲ, ಒಮ್ಮೆಲೆ ಇಲ್ಲವಾಗುತ್ತವೆ. ಹಿಂದೆ ಕ್ಯಾಸೆಟ್ಟಿನ ನಕಲಿನ ನಕಲು ಮಸುಕಾಗುತ್ತಿತ್ತು. ಈಗ ನೂರನೆಯ ಪ್ರತಿಯೂ ಮೊದಲನೆಯದರಷ್ಟೇ ಸ್ವಚ್ಛ. ಆದರೂ ನಾವು ಎರಡನೆಯ ಪ್ರತಿಯನ್ನು ಮಾಡುವುದಿಲ್ಲ. ವಾಟ್ಸಾಪ್‌ನಲ್ಲಿ ಕಳುಹಿಸಿದ್ದೇ ಪ್ರತಿಯಾಯಿತೆಂದು ಅನೇಕರ ನಂಬಿಕೆ. ಚಿತ್ರವಾಗಿ ಕಳುಹಿಸಿದರೆ ಅದು ಕುಗ್ಗಿಯೇ ಹೋಗುತ್ತದೆ. ‘ಡಾಕ್ಯುಮೆಂಟ್’ ಎಂದು ಕಳುಹಿಸಿದರೆ ಮಾತ್ರ ಮೂಲ ಗಾತ್ರದಲ್ಲಿ ತಲಪುತ್ತದೆ.

ಅಂತರ್ಜಾಲದ ಭಂಡಾರಗಳು, ಅಂದರೆ ಕ್ಲೌಡ್ ಎನ್ನುವವು, ನಿಜಕ್ಕೂ ಉಪಕಾರಿಯಾದವು. ಮನೆಗೆ ಬೆಂಕಿ ಬಿದ್ದರೂ ಅಲ್ಲಿಯ ಚಿತ್ರ ಉಳಿಯುತ್ತದೆ. ಆದರೆ ಅದು ಬೇರೆಯವರ ಅಂಗಳವೆಂಬುದನ್ನು ಮರೆಯಬಾರದು. ಆರ್ಕುಟ್ ಎಂಬ ತಾಣದಲ್ಲಿ ನಮ್ಮ ಹುಡುಗರು ಎಷ್ಟೊಂದು ಚಿತ್ರಗಳನ್ನಿಟ್ಟಿದ್ದರು! 2014ರ ಸೆಪ್ಟೆಂಬರ್ 30ರಂದು ಅದು ಬಾಗಿಲು ಹಾಕಿತು. ಗೂಗಲ್ ಫೋಟೋಸ್ 2015ರಲ್ಲಿ ಆರಂಭವಾದಾಗ, ತುಸು ಕುಗ್ಗಿಸಿದ ಚಿತ್ರಗಳನ್ನು ಮಿತಿಯಿಲ್ಲದೆ ಉಚಿತವಾಗಿ ಇಡಬಹುದಾಗಿತ್ತು. 2021ರ ಜೂನ್ 1ರಿಂದ ಆ ಸೌಲಭ್ಯ ನಿಂತಿತು. ಎರಡು ವರ್ಷ ತೆರೆಯದೆ ಬಿಟ್ಟ ಖಾತೆಗಳನ್ನು ಅಳಿಸಬಹುದೆಂಬ ನಿಯಮವನ್ನೂ ಅವರು 2023ರಲ್ಲಿ ಪ್ರಕಟಿಸಿದರು. ಹಿರಿಯರ ಹೆಸರಿನಲ್ಲಿ ಖಾತೆ ತೆರೆದುಕೊಟ್ಟು ಮರೆತಿರುವ ಮಕ್ಕಳು ಇದನ್ನು ಗಮನಿಸಬೇಕು.

ಇನ್ನೊಂದು ಗುಂಡಿ ಇದೆ. ತಿಳಿದವರೂ ಅದರಲ್ಲಿ ಬೀಳುತ್ತಾರೆ. ಮೊಬೈಲಿನ ಜಾಗ ತುಂಬಿತೆಂದು ಚಿತ್ರವನ್ನು ಅಳಿಸಿದರೆ, ಭಂಡಾರದಲ್ಲಿ ಹೇಗೂ ಇದೆಯೆಂದು ನಂಬಿರುತ್ತೇವೆ. ಮೊಬೈಲೂ ಭಂಡಾರವೂ ಒಂದಕ್ಕೊಂದು ಕನ್ನಡಿಯಂತೆ ಹೊಂದಿಕೊಂಡಿದ್ದರೆ ಇಲ್ಲಿ ಅಳಿಸಿದ್ದು ಅಲ್ಲಿಯೂ ಅಳಿಯುತ್ತದೆ. ಕೆಲವು ದಿನ ಕಸದ ಬುಟ್ಟಿಯಲ್ಲಿದ್ದು ಬಳಿಕ ಶಾಶ್ವತವಾಗಿ ಹೋಗುತ್ತದೆ. ಕನ್ನಡಿಯಲ್ಲಿಯ ಬಿಂಬ ಪ್ರತಿಯಲ್ಲ.

ಹಾಗಾದರೆ ಎಷ್ಟು ಪ್ರತಿ ಸಾಕು? ಪೀಟರ್ ಕ್ರೋ ಎಂಬ ಅಮೆರಿಕದ ಛಾಯಾಗ್ರಾಹಕರು ತಮ್ಮ ಗ್ರಂಥದಲ್ಲಿ ಹೇಳಿದ ಸೂತ್ರವೊಂದು ಲೋಕಪ್ರಸಿದ್ಧವಾಗಿದೆ: ಮೂರು ಪ್ರತಿಗಳು, ಎರಡು ಬಗೆಯ ಸಾಧನಗಳಲ್ಲಿ, ಅವುಗಳಲ್ಲಿ ಒಂದು ಮನೆಯಿಂದ ಹೊರಗೆ. ನಮ್ಮ ಮನೆಯಲ್ಲಿ ಈಗ ಹೀಗಿದೆ. ಗಣಕಯಂತ್ರದಲ್ಲಿ ಒಂದು ಪ್ರತಿ, ಅಂತರ್ಜಾಲದ ಭಂಡಾರದಲ್ಲಿ ಒಂದು, ಹೊರಗಿನ ಹಾರ್ಡ್ ಡಿಸ್ಕಿನಲ್ಲಿ ಒಂದು. ಆ ಡಿಸ್ಕಿನಂಥದೇ ಇನ್ನೊಂದು ಸೊಲ್ಲಾಪುರದ ಅಕ್ಕನವರ ಟ್ರಂಕಿನಲ್ಲಿದೆ; ಹಬ್ಬಕ್ಕೆ ಬಂದಾಗ ಅವರು ತಮ್ಮದನ್ನು ಕೊಟ್ಟು ನಮ್ಮದನ್ನು ಒಯ್ಯುತ್ತಾರೆ. ಒಂದು ಚಿತ್ರಕ್ಕೆ ನಾಲ್ಕು ಎಂಬಿ ಎಂದು ಹಿಡಿದರೂ ಒಂದು ಟಿಬಿಯ ಡಿಸ್ಕಿನಲ್ಲಿ ಎರಡೂವರೆ ಲಕ್ಷ ಚಿತ್ರಗಳು ಕೂಡುತ್ತವೆ. ವಿಡಿಯೋ ಮಾತ್ರ ಹೊಟ್ಟೆಬಾಕ. ಈಗಿನ ಮೊಬೈಲಿನಲ್ಲಿ ತೆಗೆದ ಒಂದು ಗಂಟೆಯ ದೃಶ್ಯ ಹಲವು ಜಿಬಿಗಳನ್ನು ನುಂಗುತ್ತದೆ. ಪೆನ್ ಡ್ರೈವನ್ನು ನಾವು ಈ ಲೆಕ್ಕದಲ್ಲಿ ಹಿಡಿದಿಲ್ಲ. ಅದು ಸಾಗಿಸಲು ತಕ್ಕದ್ದು, ವರ್ಷಗಟ್ಟಲೆ ಇಡಲು ತಕ್ಕದ್ದಲ್ಲ. ಮದುವೆಯ ಚಿತ್ರಗಳನ್ನು ಛಾಯಾಗ್ರಾಹಕರು ಪೆನ್ ಡ್ರೈವಿನಲ್ಲಿ ಕೊಟ್ಟರೆ ಅದೇ ವಾರ ಬೇರೆಡೆ ಇಳಿಸಿಕೊಳ್ಳಬೇಕು. ಅವರು ತಮ್ಮಲ್ಲಿ ಎಷ್ಟು ದಿನ ಇಟ್ಟಿರುತ್ತಾರೆಂಬುದನ್ನೂ ಕೇಳಿಡಬೇಕು. ಹೊರಗಿನ ಡಿಸ್ಕನ್ನು ಸದಾ ಗಣಕಯಂತ್ರಕ್ಕೆ ಚುಚ್ಚಿಡುವುದೂ ಸರಿಯಲ್ಲ. ವೈರಸ್ ಬಂದರೆ ಎರಡನ್ನೂ ಒಟ್ಟಿಗೆ ಕೆಡಿಸುತ್ತದೆ.

‘ಮನೆಯಿಂದ ಹೊರಗೆ’ ಎಂಬ ಮಾತಿನ ಅರ್ಥ ನಮ್ಮ ಭಾಗದವರಿಗೆ 2019ರ ಆಗಸ್ಟಿನಲ್ಲಿ ಚೆನ್ನಾಗಿ ತಿಳಿಯಿತು. ಕೃಷ್ಣೆ, ಘಟಪ್ರಭೆ, ಮಲಪ್ರಭೆಗಳು ಉಕ್ಕಿ ಹರಿದು ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಎಷ್ಟೋ ಮಣ್ಣಿನ ಮನೆಗಳು ಕುಸಿದವು. ಪರಿಹಾರ ಸಾಮಗ್ರಿ ಹಂಚಲು ಹೋದಾಗ, ಒಬ್ಬ ತಾಯಿ ಕೆಸರಿನಿಂದ ಒಂದು ಆಲ್ಬಮ್ ಎತ್ತಿಕೊಂಡು ಸೆರಗಿನಿಂದ ಒರೆಸುತ್ತಿದ್ದುದನ್ನು ಕಂಡೆವು. ಒರೆಸಿದಂತೆಲ್ಲ ಮುಖಗಳು ಸೆರಗಿಗೆ ಬರುತ್ತಿದ್ದವು. ಒದ್ದೆಯಾದ ಚಿತ್ರವನ್ನು ಒರೆಸಬಾರದೆಂದು ಅಂದು ನಮಗೂ ತಿಳಿದಿರಲಿಲ್ಲ. ಸ್ಟುಡಿಯೋದಲ್ಲಿ ತೊಳೆದು ಮುದ್ರಿಸಿದ ಚಿತ್ರಗಳನ್ನು ತಣ್ಣನೆಯ ಶುದ್ಧ ನೀರಿನಲ್ಲಿ ಮೆಲ್ಲಗೆ ಅದ್ದಿ, ಮುಖ ಮೇಲಾಗಿ, ಒಂದಕ್ಕೊಂದು ತಾಗದಂತೆ ನೆರಳಿನಲ್ಲಿ ಹರವಬೇಕು. ಒಂದರ ಮೇಲೊಂದು ಒಣಗಿದರೆ ಮತ್ತೆ ಬಿಡಿಸಲಾಗದು.

ಹೆಸರುಗಳು

ಇಷ್ಟೆಲ್ಲ ಮಾಡಿದರೂ ಒಂದು ಕೆಲಸ ಉಳಿಯುತ್ತದೆ. ನಮ್ಮ ಅನುಭವದಲ್ಲಿ ಅದೇ ಎಲ್ಲಕ್ಕಿಂತ ಅವಸರದ್ದು. ಡಿಸ್ಕನ್ನು ನಾಳೆಯೂ ಕೊಳ್ಳಬಹುದು. ಚಿತ್ರದಲ್ಲಿರುವವರ ಹೆಸರು ಬಲ್ಲ ಹಿರಿಯರು ನಾಳೆ ಇರುತ್ತಾರೆಂದು ಹೇಳಬರುವುದಿಲ್ಲ. ಕಳೆದ ಬಸವ ಜಯಂತಿಯ ಮಧ್ಯಾಹ್ನ ಪ್ರಸಾದದ ನಂತರ ನಾವು ಅಕ್ಕನವರನ್ನೂ ಸೋದರತ್ತೆಯವರನ್ನೂ ಕೂರಿಸಿಕೊಂಡು ಒಂದೊಂದೇ ಚಿತ್ರವನ್ನು ದೊಡ್ಡ ಪರದೆಯ ಮೇಲೆ ತೋರಿಸಿದೆವು. ಮೊಬೈಲಿನಲ್ಲಿ ಧ್ವನಿ ಮುದ್ರಿಸಿಕೊಳ್ಳುತ್ತಿದ್ದೆವು. ಹೆಸರಿನೊಡನೆ ಕಥೆಗಳೂ ಬಂದವು: ಯಾರ ಅಯ್ಯಾಚಾರದ ದಿನ ಮಳೆ ಬಂತು, ಯಾವ ಎತ್ತು ಯಾರನ್ನು ಹಾಯಿತು, ಯಾವ ಸೀರೆಯನ್ನು ಎಲ್ಲಿ ಕೊಂಡದ್ದು. ಅತ್ತೆಯವರು ತಮ್ಮ ಮದುವೆಯ ಚಿತ್ರದ ಮುಂದೆ ಬಹಳ ಹೊತ್ತು ಸುಮ್ಮನೆ ಕೂತರು. ಅದನ್ನೂ ಮುದ್ರಿಸಿಕೊಳ್ಳಬೇಕೇ ಎಂದು ತಿಳಿಯದೆ ನಾವು ಯಂತ್ರವನ್ನು ನಿಲ್ಲಿಸಿದೆವು.

ಹೆಸರುಗಳನ್ನು ಮೂಲ ಚಿತ್ರದ ಹಿಂಬದಿಗೆ ಮೆತ್ತನೆಯ ಪೆನ್ಸಿಲಿನಿಂದ ಬರೆದಿದ್ದೇವೆ. ಬಾಲ್‌ಪೆನ್ ಒತ್ತಿದರೆ ಮುಂದಿನ ಮೈಗೆ ಗೀರು ಮೂಡುತ್ತದೆ. ಗಣಕಯಂತ್ರದಲ್ಲಿ ಪ್ರತಿ ಕಡತದ ಹೆಸರನ್ನು ವರ್ಷದಿಂದ ಆರಂಭಿಸಿದ್ದೇವೆ, ಬಳಿಕ ಸಂದರ್ಭ, ಬಳಿಕ ಊರು. ಹಾಗೆ ಮಾಡಿದರೆ ಅವು ತಾವಾಗಿಯೇ ಕಾಲಾನುಕ್ರಮದಲ್ಲಿ ನಿಲ್ಲುತ್ತವೆ. ಭಂಡಾರದ ಗುಪ್ತಪದವನ್ನು ಒಂದು ಕಾಗದದಲ್ಲಿ ಬರೆದು ಹೊಲಮನೆಯ ಪತ್ರಗಳ ಜೊತೆಗಿಟ್ಟು, ಮಗಳಿಗೂ ಸೊಸೆಗೂ ಹೇಳಿದ್ದೇವೆ. ಖಾತೆ ಬಹುಕಾಲ ನಿಶ್ಚಲವಾದರೆ ನಾವು ಸೂಚಿಸಿದವರಿಗೆ ಅದರ ಚಿತ್ರಗಳು ದೊರಕುವಂತೆ ಮಾಡುವ ಏರ್ಪಾಡು ಗೂಗಲ್‌ನಲ್ಲಿ 2013ರಿಂದಲೂ ಇದೆ, ಅದನ್ನೂ ಮಾಡಿದ್ದೇವೆ. ವರ್ಷಕ್ಕೊಮ್ಮೆ, ಬಸವ ಜಯಂತಿಯಂದು, ಎಲ್ಲ ಡಿಸ್ಕುಗಳನ್ನೂ ತೆರೆದು ನಾಲ್ಕಾರು ಚಿತ್ರ, ಒಂದೆರಡು ವಿಡಿಯೋ ನೋಡುವುದು ಮನೆಯ ಪದ್ಧತಿಯಾಗಿದೆ. ತಂದೆಯವರ ಪಂಕ್ತಿಯ ದೃಶ್ಯವನ್ನು ಮೊಮ್ಮಕ್ಕಳು ಕೇಳಿ ಹಾಕಿಸಿಕೊಳ್ಳುತ್ತಾರೆ. ಊಟಕ್ಕೆ ಕುಳಿತಾಗ ಆ ಮಾತನ್ನು ಅದೇ ರಾಗದಲ್ಲಿ ಅನುಕರಿಸುತ್ತಾರೆ.

ಇನ್ನೂ ಎರಡು ಪೆಟ್ಟಿಗೆಗಳು ಬಾಕಿ ಇವೆ. ಅವುಗಳಲ್ಲಿ ಒಂದು ಚಿತ್ರ ನಮ್ಮನ್ನು ಕಾಡುತ್ತಿದೆ. ಕೊರಳಲ್ಲಿ ಕರಡಿಗೆ ಧರಿಸಿದ ತರುಣಿಯೊಬ್ಬಳು ಮಡಿಲಲ್ಲಿ ಕೂಸನ್ನು ಇಟ್ಟುಕೊಂಡು ಕುಳಿತಿದ್ದಾಳೆ; ಹಿಂಬದಿಗೆ ಸ್ಟುಡಿಯೋದ ಅಳಿಸಿದ ಮುದ್ರೆಯೊಂದನ್ನು ಬಿಟ್ಟರೆ ಬೇರೇನೂ ಇಲ್ಲ. ಅಕ್ಕನವರಿಗೂ ತಿಳಿಯಲಿಲ್ಲ, ಅತ್ತೆಯವರಿಗೂ ತಿಳಿಯಲಿಲ್ಲ. ಅಕ್ಕಲಕೋಟೆಯ ಕಡೆ ತಂದೆಯವರ ಸೋದರಸಂಬಂಧಿಯೊಬ್ಬರಿದ್ದಾರೆ, ತೊಂಬತ್ತು ದಾಟಿದೆ, ನೆನಪು ಇನ್ನೂ ಚೆನ್ನಾಗಿದೆಯಂತೆ. ಚಿತ್ರದ ದೊಡ್ಡ ಪ್ರತಿಯೊಂದನ್ನು ಮಾಡಿಸಿಟ್ಟಿದ್ದೇವೆ. ಮುಂದಿನ ಸೋಮವಾರ ಅಲ್ಲಿಗೆ ಹೊರಡುವವರಿದ್ದೇವೆ.